ತಂಬಿನೊಳಗೆ ಲೋಬಾನದ ಹೊಗೆ

ಮಗುವನ್ನು ಕಾಲ ಮೇಲೆ ಹಾಕಿಕೊಂಡರೆ ದಾವಲ್‌ಬೀಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಮಗುವನ್ನು ಬೋರಲು ಮಲಗಿಸಿ, ಬೆನ್ನಿಗೆ ಬಿಸಿನೀರು ಹೊಯ್ಯುತ್ತ, ಹಿಂದಿನ ಸಂಜೆ ತಂಬಿನಲ್ಲಿ ನೋಡಿದ ಸಿನಿಮಾದ ಕಥೆಯನ್ನು ಅದಕ್ಕೇ ಹೇಳುತ್ತಿದ್ದಳು. "ಆಮ್ಯಾಗ ಏನಾತಪಾ ಸರದಾರ, ಆ ಹೀರೋನೂ ನಿನ್ನಂಗ ಬಾಯಿ ತಗದು ಚೀರಿದಾ!" ನಾನು ಪಕ್ಕದಲ್ಲೇ ನಿಂತು, ನೀರು ಸುಡುತ್ತದೇನೋ ಎಂದು ಕೈ ಅದ್ದುವುದು, ಕಿವಿಗೆ ನೀರು ಹೋಯಿತೇನೋ ಎಂದು ಬಗ್ಗುವುದು.

"ಬಾಯಾರ, ನೀವು ಒಳಗ ಹೋಗ್ರಿ. ಕೂಸಿಗಿಂತ ನೀವಾ ಹೆಚ್ಚು ಅಳಾಕತ್ತೀರಿ" ಎಂದು ಅಟ್ಟುತ್ತಿದ್ದಳು.

ಇದು ಸಿಂಧನೂರಿನಲ್ಲಿ, ೧೯೬೭ರ ಮಾತು. ನನ್ನ ಗಂಡ ಕಾಲುವೆ ಕೆಲಸದಲ್ಲಿ ಓವರ್‌ಸೀಯರ್. ನಾನು ಮೈಸೂರಿನಲ್ಲಿ ಓದಿದವಳು. ಅಮ್ಮ ಬಾಣಂತನ ಮುಗಿಸಿ ಮೂರು ತಿಂಗಳ ಕೂಸಿನ ಜೊತೆ ನನ್ನನ್ನು ಈ ಕ್ಯಾಂಪಿಗೆ ಕಳಿಸಿದ್ದಳು. ಒದ್ದೆ ಮಗು ಕೈಯಿಂದ ಜಾರಿಬಿಡುತ್ತದೆ ಎಂಬ ಭಯ ನನಗೆ. ಬಿ.ಎ. ಓದಿದರೂ ಒಂದು ಕೂಸಿಗೆ ನೀರು ಹಾಕಲು ಬರುತ್ತಿರಲಿಲ್ಲ. ಆ ಕೆಲಸಕ್ಕೆ ಸಿಕ್ಕವಳು ದಾವಲ್‌ಬೀ.

ಅವಳು ಮುಕ್ಕುಂದದವಳು. ಗಂಡ ಅಮೀನ್‌ಸಾಬ್ ಕಾಲುವೆ ಅಗೆಯಲು ಬಂದವನು, ಮಣ್ಣು ಕುಸಿದು ಅದರಡಿಯಲ್ಲೇ ಹೋದ. ಆ ವರ್ಷವೇ ಎಂಟು ತಿಂಗಳ ಮಗುವೂ ಹೋಯಿತು. ಆಮೇಲೆ ಅವಳು ಊರಿಗೆ ಹಿಂತಿರುಗಲಿಲ್ಲ. ಬೆಳಿಗ್ಗೆ ನಾಲ್ಕೈದು ಮನೆಗಳ ಕೂಸುಗಳಿಗೆ ನೀರು ಹಾಕುವುದು, ಸಂಜೆ ದೊಡ್ಡಬಸಪ್ಪನ ಟೂರಿಂಗ್ ಟಾಕೀಸಿನಲ್ಲಿ ಹೆಂಗಸರ ಬಾಗಿಲು ಕಾಯುವುದು. ಸಿನಿಮಾದ ಬಾಗಿಲು ಬಿಟ್ಟರೂ ಬದುಕುತ್ತೇನೆ, ಕೂಸುಗಳನ್ನು ಬಿಟ್ಟರೆ ಇಲ್ಲ ಎಂದು ಒಮ್ಮೆ ನನಗೆ ಹೇಳಿದ್ದಳು. ಅವಳ ಕೈಯಲ್ಲಿ ಎಂಥ ರಚ್ಚೆ ಹಿಡಿದ ಕೂಸೂ ಮೆತ್ತಗಾಗುತ್ತಿತ್ತು. ನೀರು ಹಾಕಿ ಮುಗಿಸಿ, ಮಣ್ಣಿನ ಬಟ್ಟಲಿನ ಕೆಂಡಕ್ಕೆ ಚಿಟಿಕೆ ಲೋಬಾನ ಉದುರಿಸಿ, ಕೂಸನ್ನು ಆ ಹೊಗೆಯ ಮೇಲೆ ಒಂದು ಸುತ್ತು ಆಡಿಸಿದರೆ ಅದು ಮಧ್ಯಾಹ್ನದವರೆಗೆ ಮಲಗುತ್ತಿತ್ತು. ಪಾರ್ವತೆಮ್ಮನವರ ಮನೆಯಲ್ಲೂ ಅದೇ ಕೈ, ಅದೇ ಹೊಗೆ. ಪಾರ್ವತೆಮ್ಮ ನಮ್ಮ ಪಕ್ಕದ ಮನೆಯವರು. ಅವರ ಮೊಮ್ಮಗನಿಗೆ ಆಗ ಐದು ತಿಂಗಳು.

ಮಳೆಗಾಲಕ್ಕೆ ಮೊದಲು ಆ ದೆವ್ವದ ಸಿನಿಮಾ ಬಂತು. ಹೆಸರು ಮರೆತಿದ್ದೇನೆ. ತೆಗೆದವನ ಹತ್ತಿರ ಏನೂ ಇದ್ದಂತಿಲ್ಲ: ಒಂದು ಹಳೇ ಬಂಗಲೆ, ಒಂದು ಲಾಟೀನು, ಒಂದು ತೊಟ್ಟಿಲು. ಕೂಸನ್ನು ಬಿಟ್ಟು ಸತ್ತ ತಾಯಿಯೊಬ್ಬಳು ಆ ಮನೆಗೆ ಬಂದು ಹೋಗುತ್ತಾಳೆ. ಆದರೆ ಅವಳನ್ನು ಒಮ್ಮೆಯೂ ತೋರಿಸುವುದಿಲ್ಲ. ಲಾಟೀನು ಸಣ್ಣಗಾಗುತ್ತದೆ, ಖಾಲಿ ತೊಟ್ಟಿಲು ತಾನೇ ತೂಗುತ್ತದೆ, ಅಷ್ಟೇ. ಮೊದಲ ದಿನ ನೆಲದ ಮೇಲೆ ಕೂತ ಗಂಡಸರೆಲ್ಲ ಎದ್ದು ಕೂಗಿದರಂತೆ, "ದೆವ್ವ ಎಲ್ಲೈತಿ ತೋರಸ್ರಲೇ! ನಮ್ಮನ್ಯಾಗೂ ತೊಟ್ಟಲಾ ಐತಿ, ಅದನ್ನ ನೋಡಾಕ ಇಲ್ಲಿಗ್ಯಾಕ ಬರೂಣು?" ದೊಡ್ಡಬಸಪ್ಪ ತಲೆ ಹಿಡಿದು ಕೂತ. ಬಿಳಿ ಸೀರೆ ಉಡಿಸಿ ಯಾರನ್ನಾದರೂ ಪರದೆಯ ಮುಂದೆ ಓಡಿಸಲೇ ಎಂದು ಕೇಳಿದನಂತೆ.

"ಕಂಡ್ರ ನಗತಾರ್ರೀ ಸಾವ್ಕಾರ" ಎಂದಳು ದಾವಲ್‌ಬೀ. "ಕಾಣಬಾರದು. ನನಗ ಬಿಡ್ರಿ."

ಮರುದಿನ ಪಾರ್ವತೆಮ್ಮನವರೂ ನಾನೂ ಕೂಸುಗಳನ್ನು ಎತ್ತಿಕೊಂಡು ಮೊದಲ ಆಟಕ್ಕೆ ಹೋದೆವು. ಬರಬಾರದಿತ್ತು ಎಂದು ನಾನು ಮೊದಲ ರೀಲಿನಲ್ಲೇ ಅಂದುಕೊಂಡೆ, ಮಗುವಿಗೆ ಶೆಕೆ ಎಂದು. ತೊಟ್ಟಿಲಿನ ದೃಶ್ಯ ಬಂತು. ಲಾಟೀನು ಸಣ್ಣಗಾಯಿತು. ಆಗ ವಾಸನೆ ಬಂತು. ಲೋಬಾನ. ಮೊದಲು ಬಲು ಸಣ್ಣಗೆ, ನನಗೊಬ್ಬಳಿಗೇ ಬಂದ ಹಾಗೆ. ಆಮೇಲೆ ಹೆಂಗಸರ ಕಡೆಯೆಲ್ಲ ತುಂಬಿತು. ಯಾರೋ ಹಿಂದಿನಿಂದ, "ಯವ್ವಾ, ಬಂದಾಳ" ಎಂದರು. ಪಾರ್ವತೆಮ್ಮ ನನ್ನ ತೋಳು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು. ನಾನು ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಹೊರಗೆ ಓಡಿದೆ. ಗಂಡಸರ ಕಡೆ ಒಂದು ಸದ್ದೂ ಇರಲಿಲ್ಲ.

ಬೆಳಿಗ್ಗೆ ದಾವಲ್‌ಬೀ ನಗುತ್ತಲೇ ಒಳಗೆ ಬಂದಳು. "ಅಂಜಿದ್ರಿಲ್ಲೋ?" ಕೂಸಿಗೆ ಹಿಡಿಯುವ ಅದೇ ಬಟ್ಟಲು ತೋರಿಸಿದಳು. ತಂಬಿನ ಹಿಂದೆ ಕೂತು, ಬಟ್ಟೆಯ ಅಂಚು ಎತ್ತಿ, ತೊಟ್ಟಿಲು ತೂಗುವ ಹೊತ್ತಿಗೆ ಬೀಸಣಿಗೆಯಿಂದ ಹೊಗೆ ಒಳಗೆ ತಳ್ಳಿದ್ದಳು. "ಸಿನಿಮಾದವರು ಎಲ್ಲಾ ಇಟ್ಟಾರ, ವಾಸನಿ ಒಂದು ಮರತಾರ. ನಾ ಇಟ್ಟೆ. ಯಾರ ಮುಂದೂ ಹೇಳಬ್ಯಾಡ್ರಿ ಬಾಯಾರ, ಸಾವ್ಕಾರನ ಆಣಿ." ನನಗೂ ನಗು ಬಂತು. ಆದರೆ ನೀರು ಹಾಕಿದ ಮೇಲೆ ಅವಳು ಕೂಸನ್ನು ಹೊಗೆಯ ಮೇಲೆ ಹಿಡಿದಾಗ, "ಇವತ್ತು ಅದು ಬೇಡ ದಾವಲ್‌ಬೀ, ಕೆಮ್ಮುತ್ತಾನೆ" ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿ ಕೆಂಡಕ್ಕೆ ನೀರು ಹಾಕಿದಳು.

ಮೂರು ವಾರ ತಂಬು ತುಂಬಿತು. ಬಳಗಾನೂರಿನಿಂದ ಗಾಡಿ ಕಟ್ಟಿಕೊಂಡು ಬಂದರು. ನಾಲ್ಕನೆಯ ವಾರ ಪಾರ್ವತೆಮ್ಮನವರ ಮೊಮ್ಮಗನಿಗೆ ಜ್ವರ ಏರಿ, ಕಣ್ಣು ಮೇಲಾಗಿ, ಮೈ ಸೆಟೆಯಿತು. ಡಾಕ್ಟರು ಸೂಜಿ ಹಾಕಿದರು. ಹುಡುಗ ನಾಲ್ಕು ದಿನಕ್ಕೆ ಆಡತೊಡಗಿದ. ತಂಬಿನಲ್ಲಿ ಬಂದ ವಾಸನೆಯೇ ಅವಳ ಕೈಯಲ್ಲಿದೆ ಎಂದು ಆ ನಾಲ್ಕು ದಿನ ದಾವಲ್‌ಬೀಯನ್ನು ಆ ಮನೆಯವರು ಒಳಗೆ ಬಿಟ್ಟಿರಲಿಲ್ಲ. ಹುಡುಗ ಸತ್ತಿದ್ದರೆ ಜ್ವರ ಎನ್ನುತ್ತಿದ್ದರೋ ಏನೋ. ಅವನು ಬದುಕಿದ್ದೇ ಅವಳಿಗೆ ಮುಳುವಾಯಿತು. ಅವಳು ಮುಟ್ಟದೇ ಇದ್ದದ್ದಕ್ಕೇ ಉಳಿದ ಎಂದರು.

ನಮ್ಮ ಮನೆಯೆದುರಿನ ನಳದ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಿಂತಿದ್ದಾಗ ದಾವಲ್‌ಬೀ ಬಂದಳು. ದೊಡ್ಡಬಸಪ್ಪನ ಆಣೆ ಮುರಿದು, ಬಟ್ಟಲು, ಬೀಸಣಿಗೆ, ತಂಬಿನ ಅಂಚು ಎಲ್ಲ ಹೇಳಿದಳು.

"ಲೋಬಾನ ಯಾರಿಗೆ ಹಾಕ್ತೀಯೇ ನೀ, ಬೇಸ್ತವಾರ ಸಂಜಿಗೆ?" ಪಾರ್ವತೆಮ್ಮ ಕೇಳಿದರು.

"ಸತ್ತೋರಿಗೆ. ನನ್ನ ಗಂಡಗ, ಕೂಸಿಗೆ, ಹೆಸರು ಹಿಡದು."

"ಸಿನಿಮಾದಾಗಿನಾಕಿ ಸತ್ತಾಕಿ ಹೌದಲ್ಲೋ? ಆಕಿಗೆ ಹಾಕಿದಿ. ಹೆಸರು ಹಿಡೀಲಾರ್ದನ ಹಾಕಿದಿ. ಯಾವಾಕಿ ಬಂದು ಕುಂತಾಳೋ ಯಾರಿಗೆ ಗೊತ್ತು?"

"ಅಯ್ಯ ಅಕ್ಕ! ಅದು ಬಟ್ಟಿ ಮ್ಯಾಗಿನ ನೆಳ್ಳು. ಹೊಗಿ ಹಾಕಿದಾಕಿ ನಾ ಅಂತ ಹೇಳಾಕತ್ತೀನಿ!"

"ನಾನೂ ಅದನ್ನ ಹೇಳಾಕತ್ತೀನಿ. ಹಾಕಿದಾಕಿ ನೀನ. ಆಟಕ್ಕ ಕರದ್ರೂ ಕರದಂಗ ಆತಲ್ಲ."

"ಆಕಿಗೂ ಕೂಸಿಲ್ಲ" ಎಂದು ಹಿಂದಿನಿಂದ ಒಂದು ದನಿ ಬಂತು. ಯಾರದೆಂದು ತಿಳಿಯಲಿಲ್ಲ, ಸಿನಿಮಾದವಳದೋ ದಾವಲ್‌ಬೀಯದೋ ಮಾತು ಎಂದೂ ತಿಳಿಯಲಿಲ್ಲ. ನಾನು ಕೊಡದ ಕೊರಳು ತಿಕ್ಕುತ್ತ ನಿಂತಿದ್ದೆ.

ಅವಳ ಐದು ಮನೆಯಲ್ಲಿ ನಾಲ್ಕು ಮನೆ ಆ ವಾರವೇ ನಿಂತವು. ಉಳಿದದ್ದು ನಮ್ಮದು. ಅವಳು ಬಂದು ಹೊಸ್ತಿಲಲ್ಲಿ ಕೂತಳು.

"ನೀವು ಓದಿದೋರು. ಮಾತು ಬ್ಯಾಡ್ರೀ, ಮಾತು ನಾ ಆಡಿ ಆತು. ಶುಕ್ರಾರ ಮುಂಜಾನಿ ನಳದ ಕಟ್ಟಿ ಮ್ಯಾಗ ಕುಂದ್ರತೀನಿ. ಎಲ್ಲಾರ ಕಣ್ಣ ಮುಂದ ನಿಮ್ಮ ಕೂಸಿನ್ನ ನನ್ನ ಕಾಲ ಮ್ಯಾಲ ಹಾಕ್ರಿ. ನೀರು ಹಾಕಿ, ಹೊಗಿ ಕೊಟ್ಟು, ನಕ್ಕೋಂತ ತಿರುಗಿ ಕೊಡತೀನಿ. ಅಷ್ಟು ನೋಡಿದ್ರ ಸಾಕು ಇವರಿಗೆ."

"ಆಗಲಿ ದಾವಲ್‌ಬೀ" ಎಂದೆ. ಮನಸ್ಸಿಟ್ಟೇ ಹೇಳಿದ್ದೆ. ಅವಳು ಮಗುವಿನ ಕಾಲನ್ನು ಕಣ್ಣಿಗೆ ಒತ್ತಿಕೊಂಡು ಹೋದಳು.

ಗುರುವಾರ ಸಂಜೆ ಮಗು ಎರಡು ಸಲ ಕೆಮ್ಮಿತು. ನಾನು ಎಣಿಸಿದೆ. ಮಲಗಿಸಿದ ಮೇಲೂ ಹಣೆ ಮುಟ್ಟಿ ಮುಟ್ಟಿ ನೋಡಿದೆ, ಬಿಸಿ ಇರಲಿಲ್ಲ. ಇದೆಲ್ಲ ಸುಳ್ಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಟ್ಟಲನ್ನು ಕಣ್ಣಾರೆ ನೋಡಿದ್ದೆ. ಆದರೂ ಕಣ್ಣು ಮುಚ್ಚಿದರೆ ಆ ತೊಟ್ಟಿಲು ತೂಗುತ್ತಿತ್ತು.

ಬೆಳಿಗ್ಗೆ ಗಂಡ ಸೈಟಿಗೆ ಹೋದ ಮೇಲೆ ಬಾಗಿಲು ಹಾಕಿ ಅಗುಳಿ ತೂರಿಸಿದೆ. ಕಟ್ಟೆಯ ಮೇಲೆ ಹಂಡೆ ಇಟ್ಟ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಬಾಗಿಲ ಆಚೆ ಬಳೆ ಸದ್ದು.

"ಬಾಯಾರ, ನೀರು ಕಾದಾವ."

ಮಗುವನ್ನು ಎದೆಗೆ ಒತ್ತಿ ಗೋಡೆಗೆ ಆತು ಕೂತೆ. ಬಾಗಿಲ ಸಂದಿಯಿಂದ ಲೋಬಾನದ ಎಳೆ ಒಳಗೆ ಬಂತು.

"ಬಾಯಾರ, ಎಲ್ಲಾರೂ ನೋಡಾಕತ್ತಾರ."

ಮಗು ಆ ದನಿ ಗುರುತಿಸಿ ನಕ್ಕಿತು, ಬಾಗಿಲ ಕಡೆ ಕೈಚಾಚಿ ಕೇಕೆ ಹಾಕಿತು. ಅವಳಿಗೆ ಕೇಳಿಸಿರಲೇಬೇಕು. ಮತ್ತೆ ಕರೆಯಲಿಲ್ಲ. ಕಟ್ಟೆಯ ಮೇಲೆ ಹಂಡೆಯ ನೀರು ಒಮ್ಮೆಲೇ ಚೆಲ್ಲಿದ ಸದ್ದಾಯಿತು.

ಮಧ್ಯಾಹ್ನ ಪಾರ್ವತೆಮ್ಮ ಬಂದು, "ಚಲೋ ಮಾಡಿದ್ರಿ. ನಿಮ್ಮಂಥ ಓದಿದೋರು ಬಾಗಿಲಾ ಹಾಕಿದ ಮ್ಯಾಗ ನಮ್ಮದೇನು ತಪ್ಪು?" ಎಂದರು. ಆ ದಿನದಿಂದ ಸಿಂಧನೂರಿನಲ್ಲಿ ಒಂದು ಮನೆಯೂ ಅವಳನ್ನು ಕರೆಯಲಿಲ್ಲ. ದೊಡ್ಡಬಸಪ್ಪನ ತಂಬು ಎದ್ದು ಮಸ್ಕಿಗೆ ಹೋದಾಗ ಅವಳೂ ಹೋದಳು. ಊರು ಬದಲಾದರೂ ಆ ಸಿನಿಮಾವನ್ನು ಅವನು ಬಿಡಲಿಲ್ಲ, ಹೊಗೆ ಹಾಕುವವಳನ್ನೂ ಬಿಡಲಿಲ್ಲ.

ಎರಡು ವರ್ಷದ ಮೇಲೆ ನಮಗೆ ಲಿಂಗಸುಗೂರಿಗೆ ವರ್ಗವಾಯಿತು. ಬಸ್ಸು ಮಸ್ಕಿಯಲ್ಲಿ ನಿಂತಾಗ ಕಿಟಕಿಯ ಕೆಳಗೆ ಅವಳನ್ನು ಕಂಡೆ. ಇದ್ದಿಲ ಚೀಲ ಹೊತ್ತು ತಂಬಿನ ಕಡೆ ಹೊರಟಿದ್ದಳು. ತೆಳ್ಳಗಾಗಿದ್ದಳು. ನಾನು ಕರೆಯುವ ಮೊದಲೇ ಅವಳು ನಿಂತಳು. ನನ್ನನ್ನಲ್ಲ, ಮಗುವನ್ನು ನೋಡಿದಳು.

"ನೆತ್ತಿ ಕೂಡೈತಿ. ಚಲೋ ಆತು. ಈಗ ಯಾರು ನೀರು ಹಾಕತಾರ್ರೀ?"

"ನಾನೇ."

"ಕೈಯಾಗಿಂದ ಜಾರಲಿಲ್ಲಲ್ಲ?" ಎಂದು ನಕ್ಕಳು, ಮೊದಲಿನ ಹಾಗೆಯೇ.

ಮಗುವನ್ನು ಎತ್ತಿ ಕಿಟಕಿಯಿಂದ ಅವಳ ಕಡೆ ಚಾಚಿದೆ. ಬಸ್ಸಿನಲ್ಲಿ ನಮ್ಮ ಗುರುತಿನವರು ಒಬ್ಬರೂ ಇರಲಿಲ್ಲ. ಅದು ಅವಳಿಗೂ ಕಂಡಿತು. ಒಳಗೆಲ್ಲ ಒಮ್ಮೆ ಕಣ್ಣು ಹಾಯಿಸಿ, ಕೈಗಳನ್ನು ಸೆರಗಿನ ಕೆಳಗೆ ತೆಗೆದುಕೊಂಡಳು.

"ಬ್ಯಾಡ್ರಿ ಬಾಯಾರ. ಕೈಯೆಲ್ಲಾ ಲೋಬಾನದ ವಾಸನಿ. ಕೂಸು ಅಂಜೀತು."