ಗಲ್ಫಿನಿಂದ ಬಂದ ಡ್ಯಾಶ್‌ಬೋರ್ಡ್

ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆ ಬಿಚ್ಚುವಾಗ ಮನೆಯವರೆಲ್ಲ ಸುತ್ತ ಕೂರಬೇಕು. ಅದು ನಮ್ಮ ಕಡೆಯ ಕ್ರಮ. ಕಳೆದ ತಿಂಗಳು ಮಡಂತ್ಯಾರಿನ ನಮ್ಮ ಮನೆಯಲ್ಲಿ ಹಗ್ಗ ಕತ್ತರಿಸಿದವಳು ನನ್ನ ಹೆಂಡತಿ ಹರಿಣಾಕ್ಷಿ. ಅವಳ ತಮ್ಮ ಯೋಗೀಶ ತಂದ ಪೆಟ್ಟಿಗೆ ದೊಡ್ಡ ಟಿವಿಯಷ್ಟು ಉದ್ದ ಇತ್ತು. ಖರ್ಜೂರ? ಇಲ್ಲ. ಸೆಂಟು? ಇಲ್ಲ. ಕಂಬಳಿ ಬಿಡಿಸಿದರೆ ಒಳಗೆ ಪಿಕಪ್ಪಿನ ಒಂದು ಡ್ಯಾಶ್‌ಬೋರ್ಡ್!

ನಾನೂ ಯೋಗೀಶನೂ ಖುಷಿಯಿಂದ ಅಪ್ಪಿಕೊಂಡೆವು. ಹರಿಣಾಕ್ಷಿ ನಮ್ಮಿಬ್ಬರನ್ನೂ ನೋಡಿದಳು. ಆ ನೋಟವನ್ನು ವರ್ಣಿಸಲು ಈ ಅಂಕಣದ ಜಾಗ ಸಾಲದು.

ವಿಷಯ ಇಷ್ಟು. ಯೋಗೀಶ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಡ್ರೈವರ್. ಓಡಿಸುವುದೆಲ್ಲ ಕಂಪೆನಿಯ ಗಾಡಿ. ಸ್ವಂತ ಗಾಡಿಯನ್ನು ತಾನೇ ಓಡಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಬೇಕು, ಮೇಲೆ ನಿಲ್ಲಿಸಿ ಚಹಾ ಮಾಡಿ ಕುಡಿಯಬೇಕು ಎನ್ನುವುದು ಅವನ ಬಹುದಿನದ ಆಸೆ. ಅದಕ್ಕೆಂದೇ ಮೂಡಬಿದಿರೆಯ ಶಾಮಿಯಾನದವರು ಓಡಿಸಿ ಸುಸ್ತು ಮಾಡಿದ್ದ ಡಬಲ್ ಕ್ಯಾಬಿನ್ ಪಿಕಪ್ಪೊಂದನ್ನು ಇಬ್ಬರೂ ಸೇರಿ ಕೊಂಡಿದ್ದೆವು. ಹಿಂದಿನ ಸೀಟಿನಡಿ ಮೂರು ಪ್ಲಾಸ್ಟಿಕ್ ಹೂವಿನ ಹಾರ ಸಿಕ್ಕಿದವು. (ಯಾರ ಮದುವೆಯದ್ದೋ, ಸುಖವಾಗಿರಲಿ.)

ಎಂಟು ತಿಂಗಳು ನಾನು ಅಂಗಳದಲ್ಲಿ ಕೂತು ತುಕ್ಕು ಉಜ್ಜಿದೆ. ಅವನು ಅಲ್ಲಿಂದ ವಿಡಿಯೊ ಕಾಲ್‌ನಲ್ಲಿ ಉಜ್ಜಿಸಿದ. ಕನ್ನಡ ಪಾಠ ಮಾಡುವ ಈ ಕೈ ಬ್ರೇಕ್ ಡ್ರಮ್ ಬಿಚ್ಚಿ ಜೋಡಿಸಿತು ಎಂದರೆ ನಂಬುತ್ತೀರಾ? ನನಗೇ ನಂಬಿಕೆ ಬರಲಿಲ್ಲ. ಹಾಗಾಗಿ ಮೆಕ್ಯಾನಿಕ್ಕಿಗೂ ಒಮ್ಮೆ ತೋರಿಸಿದೆ. ಸಾಮಾನು ಹೇರುವ ಜಾಗಕ್ಕೆ ತಗಡಿನ ಮಾಡು ಬಂತು. ಒಳಗೊಂದು ಮಂಚ, ಒಂದು ಕಪಾಟು, ಕಿಟಕಿಗೆ ಹರಿಣಾಕ್ಷಿಯ ಹಳೇ ಸೀರೆಯ ಪರದೆ. ಮನೆಯೇ ಆಯಿತಲ್ಲ! ಉಳಿದದ್ದು ಒಡೆದ ಡ್ಯಾಶ್‌ಬೋರ್ಡ್ ಒಂದೇ. ಇದೇ ಮಾಡೆಲಿನದ್ದು ಅಲ್ಲಿನ ಗುಜರಿಯಲ್ಲಿ ರಾಶಿ ಬಿದ್ದಿದೆ, ತರುತ್ತೇನೆ ಎಂದಿದ್ದ. ತಂದ. ಅವನ ರಜೆ ಮೂವತ್ತೇ ದಿನ. ಅಷ್ಟರೊಳಗೆ ಘಾಟಿ ಹತ್ತಲೇಬೇಕು.

ಹಳೆಯದನ್ನು ಕಿತ್ತು ಹೊಸದನ್ನು ಇಬ್ಬರೂ ಹಿಡಿದು ಒಳಗೆ ತೂರಿಸುತ್ತಿದ್ದಾಗ ಹರಿಣಾಕ್ಷಿ ಬಾಗಿಲ ಬಳಿ ನಿಂತು ಕೇಳಿದಳು.

“ಇದರಲ್ಲಿ ಸ್ಟೇರಿಂಗಿನ ಜಾಗ ಆಚೆ ಬದಿ ಉಂಟಲ್ಲ?”

ಹೌದು. ಅಲ್ಲಿನ ಗಾಡಿಗಳಿಗೆ ಸ್ಟೇರಿಂಗ್ ಎಡಗಡೆ! ಇಪ್ಪತ್ತೆರಡು ವರ್ಷ ಅದನ್ನೇ ನೋಡಿದ ಯೋಗೀಶನಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ನನಗೆ? ಅವನು ಕಳಿಸಿದ ಫೋಟೋ ಉಲ್ಟಾ ಅನ್ನಿಸಿದ್ದು ನಿಜ. ಸೆಲ್ಫಿಯಲ್ಲಿ ಹಾಗೇ ಬರುತ್ತದಲ್ಲ ಎಂದುಕೊಂಡಿದ್ದೆ. ಡ್ಯಾಶ್‌ಬೋರ್ಡ್ ಯಾವಾಗಿನಿಂದ ಸೆಲ್ಫಿ ತೆಗೆದುಕೊಳ್ಳುತ್ತಿದೆ ಎಂದು ಹರಿಣಾಕ್ಷಿ ವಿಚಾರಿಸಿದಳು. ನಾವು ಮೂವರೂ ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದನ್ನು ಎಸೆಯಲು ಅವಳೇ ಬಿಡಲಿಲ್ಲ. ಹಿಂದುಗಡೆ ಅಡಿಗೆಯ ಜಾಗಕ್ಕೆ ಹಾಕಿಸಿದಳು. ಕಾಗದಪತ್ರ ಇಡುವ ಖಾನೆಯಲ್ಲಿ ಚಹಾಪುಡಿ, ಸಕ್ಕರೆ. ಏಸಿಯ ಗಾಳಿ ಬರುವಲ್ಲಿ ಸೌಟು. ಸ್ಪೀಡೋಮೀಟರಿನ ಮುಂದೆ ಒಗ್ಗರಣೆ ಡಬ್ಬಿ. ನಿಮ್ಮ ಅಡಿಗೆಮನೆಯಲ್ಲಿ ಸ್ಪೀಡೋಮೀಟರ್ ಇದೆಯೇ? ಮುಂದುಗಡೆ ಹಳೆಯದನ್ನೇ ಅಂಟು ಹಾಕಿ ಕೂರಿಸಿದೆವು.

ರಜೆಯ ಇಪ್ಪತ್ತೇಳನೇ ದಿನ ಹೊರಟೆವು. ಸ್ಟೇರಿಂಗ್ ಹಿಡಿದ ಯೋಗೀಶ ಮದುಮಗನಂತೆ ಕೂತಿದ್ದ. (ಇಲ್ಲಿನ ಲೈಸೆನ್ಸ್ ಇದೆ, ಚಿಂತೆ ಬೇಡ.) ಊರಲ್ಲಿ ಅವನು ಈವರೆಗೆ ಓಡಿಸಿದ್ದು ಬೈಕ್ ಮಾತ್ರ. ಗೇರ್ ಹಾಕಬೇಕಾದಾಗಲೆಲ್ಲ ಅವನ ಬಲಗೈ ಹೋಗಿ ಬಾಗಿಲಿನ ಹಿಡಿಯನ್ನು ಎಳೆಯುತ್ತಿತ್ತು. ಬೆಳ್ತಂಗಡಿ ದಾಟುವವರೆಗೂ ಹರಿಣಾಕ್ಷಿ ಹಿಂದಿನ ಸೀಟಿನಿಂದ “ಆ ಕೈ ಅಲ್ಲ, ಈ ಕೈ” ಎನ್ನುತ್ತಲೇ ಇದ್ದಳು.

ಕಕ್ಕಿಂಜೆ ಕಳೆದು ಒಂದು ತಿರುವು. ಎದುರಿಗೆ ಬಸ್ಸು, ನಮ್ಮದೇ ಸಾಲಿನಲ್ಲಿ! ಅಲ್ಲ, ಅದರ ಸಾಲಿಗೆ ಹೋಗಿದ್ದವರು ನಾವು. ಅಭ್ಯಾಸಬಲದಿಂದ ಯೋಗೀಶ ಬಲಕ್ಕೆ ಹೋಗಿಬಿಟ್ಟಿದ್ದ. ಹೇಗೋ ಎಡಕ್ಕೆ ಎಳೆದು ಬದಿಗೆ ನಿಲ್ಲಿಸಿದ. ಬಸ್ಸಿನ ಡ್ರೈವರ್ ತುಳುವಿನಲ್ಲಿ ಅಂದದ್ದನ್ನು ಇಲ್ಲಿ ಬರೆಯಲಾರೆ.

ಇವನ ರಜೆಯಲ್ಲಿ ಇನ್ನುಳಿದದ್ದು ಮೂರೇ ದಿನ ಎಂದು ನೆನೆದು ನನಗೆ ಅಳುವೇ ಬಂತು. ಯೋಗೀಶ ಇಳಿದು, ಸುತ್ತು ಹಾಕಿ ಬಂದು, ನನ್ನ ಬದಿಯ ಬಾಗಿಲು ತೆಗೆದ.

“ನೀವು ಓಡಿಸಿ ಭಾವ.”

“ನಿಧಾನ ಹೋಗುವ ಮಾರಾಯ. ನಿನ್ನ ಆಸೆ ಅಲ್ವಾ?”

“ಆಸೆ ಹೌದು. ಆದ್ರೆ ಇಪ್ಪತ್ತೆರಡು ವರ್ಷ ನಾನು ರಸ್ತೆಯನ್ನೇ ನೋಡಿದ್ದು. ಒಮ್ಮೆ ಹೊರಗೆ ನೋಡ್ತಾ ಕೂರ್ತೇನೆ.”

ಆಮೇಲೆ ನೋಡಬೇಕಿತ್ತು ಅವನನ್ನು! ತಿರುವು ತಿರುವಿಗೂ ತಲೆ ಹೊರಗೆ. ನೀರು ಕಂಡರೆ ನಿಲ್ಲಿಸಿ, ಮಂಗ ಕಂಡರೆ ನಿಲ್ಲಿಸಿ. ಮೋಡ ಕಂಡಾಗಲೂ ನಿಲ್ಲಿಸಿ ಎಂದ. ಮೇಲೆ ತಲುಪಿ ಚಹಾ ಕುದಿಯುವಾಗಲೂ ಕಿಟಕಿ ಬಿಟ್ಟು ಏಳಲಿಲ್ಲ. ಅಕ್ಕನೇ ಲೋಟ ತಂದು ಕೈಗೆ ಕೊಟ್ಟಳು. ನಾವು ಇಷ್ಟು ವರ್ಷ ಅವನನ್ನು ಕೇಳಿದ್ದೆಲ್ಲ ಯಾವಾಗ ಬರುತ್ತೀ, ಏನು ತರುತ್ತೀ ಎಂದು ಮಾತ್ರ.

ನಿಮ್ಮ ಮನೆಯಲ್ಲೂ ಸದಾ ಸ್ಟೇರಿಂಗ್ ಹಿಡಿದವರೊಬ್ಬರು ಇರುತ್ತಾರಲ್ಲ, ಅವರಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು ಎಷ್ಟು ದಿನವಾಯಿತು?