ತಕ್ಕಡಿಗೆ ಹಾಕಿದ ಎಕ್ಸಲ್

ನಮ್ಮ ಕಾರು ಅಮೆರಿಕದ್ದು. ಕೇಶ್ವಾಪುರದ ನಮ್ಮ ಓಣಿಯಲ್ಲಿ ಅದು ತಿರುಗಬೇಕಾದರೆ ಎದುರು ಮನೆಯವರು ಸ್ಕೂಟರ್ ಒಳಗೆ ಒಯ್ಯಬೇಕು, ಅಷ್ಟು ಉದ್ದ. ಅರಳೆ ವ್ಯಾಪಾರಿಯಾಗಿದ್ದ ನಮ್ಮಪ್ಪ ಕೊಂಡಿದ್ದು. ಅದರ ಪೆಟ್ರೋಲ್ ಎಂಜಿನ್ ಪ್ರಾಣ ಬಿಟ್ಟಾಗ ನಾನು ಲಾರಿಯ ಡೀಸೆಲ್ ಎಂಜಿನ್ ಹಾಕಿಸಿದೆ. ಈ ಸಂಗತಿಯನ್ನು ಹಿಂದಿನ ಗಾಲಿಗಳ ಎಕ್ಸಲ್‌ಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಧಾರವಾಡದ ದಾರಿಯ ಉಣಕಲ್ಲಿನ ಏರಿನಲ್ಲಿ ಅದು ಎರಡು ಸಲ ಮುರಿಯಿತು.

ಎರಡನೆಯ ಸಲ ಮುರಿದ ತುಂಡನ್ನು ನನ್ನ ಅರಳೆ ಅಂಗಡಿಯ ಮೇಜಿನ ಮೇಲೆ ಇಟ್ಟುಕೊಂಡು ವಾರಗಟ್ಟಲೆ ನೋಡಿದೆ. ಹೆಬ್ಬೆರಳಿಗಿಂತ ದಪ್ಪನೆಯ ಉಕ್ಕು, ತುಂಡಾಗುವ ಮೊದಲು ಹಗ್ಗದಂತೆ ಹೊಸೆದುಕೊಂಡಿತ್ತು. ಉಕ್ಕನ್ನೇ ಹೊಸೆಯುವ ಇಂಥ ಎಂಜಿನ್ನಿನ ಹಿಂದೆ ಕೂತು ನಾನು ಇಷ್ಟು ದಿನ ಎಲೆ ಅಡಿಕೆ ಹಾಕಿಕೊಂಡು ಓಡಾಡಿದ್ದೆನಲ್ಲ ಎಂದು ಮೈ ಜುಮ್ಮೆಂದಿತು.

ನನ್ನಾಕೆಗೆ ಹಾಗೇನೂ ಆಗಲಿಲ್ಲ. ಎರಡೂ ಸಲ ಆಕೆ ಚಪ್ಪಲಿಯಲ್ಲೇ ಏರು ನಡೆದು, ಆ ದಾರಿಯ ವೇಗದ ಚಿಗರಿ ಬಸ್ಸು ಹತ್ತಿ ಧಾರವಾಡ ಮುಟ್ಟಿದ್ದಳು.

"ಇನ್ನೊಮ್ಮೆ ನಡುರಸ್ತ್ಯಾಗ ನಿಂತ್ರ ಗುಜರಿಯವನ್ನ ಕರಸ್ತೇನಿ ನೋಡ್ರಿ," ಎಂದಳು. "ಕಾರೂ ಒಯ್ಯಲಿ, ಬೇಕಂದ್ರ ನಿಮ್ಮನ್ನೂ ಒಯ್ಯಲಿ."

ಆದ್ದರಿಂದ ಗುಜರಿಗೆ ನಾನೇ ಮೊದಲು ಹೋದೆ, ಗಟ್ಟಿ ಎಕ್ಸಲ್ ಹುಡುಕಿಕೊಂಡು. ನಾವು ಮೂರು ತಲೆಮಾರಿನಿಂದ ತಕ್ಕಡಿ ನಂಬಿದ ಜನ. ಅಲ್ಲಿದ್ದ ನಾಲ್ಕು ಎಕ್ಸಲ್‌ಗಳನ್ನು ಒಂದೊಂದಾಗಿ ಕಾಂಟಾದ ಮೇಲೆ ಹೊರಿಸಿ ತೂಗಿಸಿದೆ. ಎಲ್ಲಕ್ಕಿಂತ ಭಾರವಾದದ್ದರ ಮೇಲೆ ಕೈಯಿಟ್ಟು, ಇದೇ ಎಂದು ಘೋಷಿಸಿದೆ.

ಎಂಜಿನ್ ಕೂಡಿಸಿಕೊಟ್ಟಿದ್ದ ಮುದಿ ಮಿಸ್ತ್ರಿ ಆಗ ಬಂದರು.

"ಸಾವ್ಕಾರ್ರ, ಎಕ್ಸಲ್ ಅಂದ್ರ ಅರಳಿ ಅಂಡಿಗಿ ಏನ್ರಿ, ತೂಗಿ ತಗೊಳ್ಳಾಕ?"

ನಾನು ಆರಿಸಿದ ಎಕ್ಸಲ್ಲಿನ ನಡುವೆ, ಎಂಜಿನ್ನಿನ ರಾಡು ಬಂದು ಕೂಡುವ ಮೂತಿಗೆ ಅವರು ಸೀಮೆಸುಣ್ಣದ ಗೆರೆ ಎಳೆದರು. ಗಾಲಿ ಕೂಡ್ರುವ ಎರಡು ತುದಿಗಳಲ್ಲಿ ನನ್ನನ್ನೂ ಗುಜರಿಯ ಮಾಲೀಕನನ್ನೂ ಕೂಡಿಸಿದರು. "ಇಬ್ರೂ ಕೂಡೇ ಒಂದ ಸುತ್ತು ತಿರುವ್ರಿ. ಲಗೂ ಬ್ಯಾಡ." ಬೀಸುವ ಕಲ್ಲಿಗೆ ಕೂತವರಂತೆ ತಿರುವಿದೆವು. ಮೂತಿ ಆರೂವರೆ ಸುತ್ತು ಹೊಡೆಯಿತು.

"ಇದನ್ನ ಹಚ್ಚಿದ್ರ ಗುಡ್ಡಾ ಕಿತ್ತು ಬರತೈತ್ರಿ, ಖರೇ. ಆದ್ರ ಗಾಲಿ ಒಂದ ಸುತ್ತು ತಿರಗಾಕ ಎಂಜಿನ್ನಿನ ರಾಡು ಆರೂವರಿ ಸುತ್ತು ತಿರಗಬೇಕು; ಡೀಸೆಲ್ ಎಂಜಿನ್ನು ಎಷ್ಟಂತ ತಿರಗೀತು? ಧಾರವಾಡ ಮುಟ್ಟೂದ್ರಾಗ ನಿಮ್ಮ ಮುಂದ ಎತ್ತಿನ ಗಾಡಿ ಹೋಗಿರತಾವು."

ಮೂಲೆಯಲ್ಲಿ ಒಂದು ಸಣಕಲು ಎಕ್ಸಲ್ ಬಿದ್ದಿತ್ತು, ಯಾವುದೋ ಸರಕು ಜೀಪಿನದು. ತೂಕದಲ್ಲಿ ಮೂರನೆಯದು. ಅದರ ಮೂತಿ ನಾಲ್ಕು ಸುತ್ತಿಗೆ ನಿಂತಿತು. ಮಿಸ್ತ್ರಿ ಒಳಗಿನ ಉಕ್ಕಿನ ರಾಡನ್ನು ಹೊರಗೆಳೆದು, ಸುತಳಿಯಿಂದ ತೂಗಬಿಟ್ಟು, ಬೋಲ್ಟು ಬಿಚ್ಚುವ ಪಾನಾದಿಂದ ಮೆಲ್ಲಗೆ ತಟ್ಟಿದರು. ಆ ನಾದ! ಗುಡಿಯ ಗಂಟೆಯ ನಾದವೂ ಅಷ್ಟು ಹೊತ್ತು ಉಳಿಯಲಾರದು. ಗುಜರಿಯ ಮಾಲೀಕ ಬೀಡಿಯನ್ನು ಬಾಯಿಂದ ತೆಗೆದ. ನಾನು ನನಗರಿವಿಲ್ಲದೆ ಚಪ್ಪಲಿ ಕಳಚಿದ್ದೆ. ಆಮೇಲೆ ನನ್ನ ಭಾರದ ಎಕ್ಸಲ್ಲಿನ ರಾಡನ್ನೂ ತಟ್ಟಿದರು. ಒಡಕು ಗಡಿಗೆಯಂತೆ 'ಠಪ್' ಎಂದಿತು.

"ಒಳಗ ಬಿರುಕ ಬಿಟ್ಟೈತಿ. ಕಣ್ಣಿಗೆ ಕಾಣೂದಿಲ್ಲ, ಕಿವಿಗೆ ಕೇಳತೈತಿ," ಎಂದರು ಮಿಸ್ತ್ರಿ. ನಲವತ್ತು ವರ್ಷ ನಾನು ಮುಟ್ಟಿ, ಹಿಂಜಿ, ತೂಗಿ ಮಾಲು ನೋಡಿದವನು. ಕಿವಿಗೊಟ್ಟು ನೋಡಬಹುದೆಂದು ಆ ದಿನವೇ ಗೊತ್ತಾದದ್ದು.

ಹದಿನೈದು ದಿನಕ್ಕೆ ಆ ಎಕ್ಸಲ್ ಕಾರಿಗೆ ಕೂತಿತು. ಪರೀಕ್ಷೆಯ ದಿನ ನನ್ನಾಕೆ ಹಿಂದಿನ ಸೀಟಿಗೆ ಹತ್ತಿದಳು. ಉಣಕಲ್ಲಿನ ಏರು ಬಂತು. ಗಿಯರು ಇಳಿಸಿ ಒತ್ತಿದೆ. ಮುಂದೆ ಎಂಜಿನ್ ಗುಡುಗುತ್ತಿತ್ತು. ಹಿಂದೆ, ಎರಡು ಸಲ ಎಕ್ಸಲ್ ಮುರಿದ ಭಯಂಕರ ಸದ್ದು ಬಂದ ಜಾಗದಲ್ಲಿ, ಏನೂ ಇಲ್ಲ. ಮೌನಕ್ಕೆ ಅಷ್ಟು ಭಕ್ತಿಯಿಂದ ನಾನು ಹಿಂದೆಂದೂ ಕಿವಿಗೊಟ್ಟಿರಲಿಲ್ಲ. ಏರು ಮುಗಿಯಿತು. ಚಿಗರಿ ಬಸ್ಸೊಂದನ್ನು ಹಿಂದೆ ಹಾಕಿದೆವು.

ಕನ್ನಡಿಯಲ್ಲಿ ಇಣುಕಿದೆ. ಇಳಕಲ್ ಸೀರೆಯ ಕೆಳಗೆ ಆಕೆ ಬೆಳಗಿನ ವಾಕಿಂಗಿನ ಬೂಟು ಹಾಕಿಕೊಂಡೇ ಬಂದಿದ್ದಳು. ಈಗ ಬಾಗಿ ಅವುಗಳ ಲೇಸು ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ಕೂತಳು.

"ಮುಂದ ನೋಡಿ ಹೊಡೀರಿ," ಎಂದಳು.