ತಿಂಗಳಿಗೊಮ್ಮೆ ಮೂಕವಾಗುವ ರೇಡಿಯೋ

ಆ ದಿನ ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸ ಇಷ್ಟು: ಅಂಗಳ ಗುಡಿಸಿದ್ದು, ಮಳೆಗಾಲದ ಮರೆಗೆಂದು ಹನ್ನೊಂದು ತೆಂಗಿನ ಮಡಲು ಹೆಣೆದದ್ದು, ಕಡ್ಡಿ ಸೀಳಿ ಎರಡು ಪೊರಕೆ ಕಟ್ಟಿದ್ದು, ಸೌದೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ್ದು. ಹೊರಗಾಗಿದ್ದೆ, ಆ ಮೂರು ದಿನ ಒಳಗಿನ ಕೆಲಸವೆಲ್ಲ ಅತ್ತೆಯದು. ಕೈ ಎಲ್ಲಿದ್ದರೂ ಕಿವಿ ಮಾತ್ರ ಜಗುಲಿಯ ರೇಡಿಯೋದತ್ತಲೇ ಇತ್ತು. ಅದು ಮತ್ತೆ ಮೂಕವಾಗಿತ್ತು.

ನಮ್ಮವರು ಹೆಂಚು ಹೇರಿದ ಹಾಯಿ ಮಚವೆಯಲ್ಲಿ ಮುಂಬಯಿಗೆ ಹೋಗಿದ್ದರು. ವಾಪಸು ಹೊರಟೆವೆಂದು ಕಾಗದ ಬಂದಿತ್ತು. ಹಿಂದಿನ ಸಂಜೆ ರೇಡಿಯೋ, ಅರಬ್ಬೀ ಸಮುದ್ರದಲ್ಲಿ ತೂಫಾನು ಎದ್ದಿದೆ ಎಂಬಷ್ಟನ್ನು ಹೇಳಿ ಗೊರಗೊರ ಎಂದು ನಿಂತುಬಿಟ್ಟಿತು. ತೂಫಾನು ಯಾವ ಕಡೆಗೆ ಹೊರಟಿದೆ ಎಂಬುದು ಕೇಳಿಸಲೇ ಇಲ್ಲ.

ಹೇಳಿಕಳಿಸಿದ್ದಕ್ಕೆ ಗಣಪತಿ ಶೇಟರು ಹೊನ್ನಾವರದಿಂದ ಹೊಳೆ ದಾಟಿ ಕಾಸರಕೋಡಿಗೆ ಬಂದರು. ರೇಡಿಯೋವನ್ನು ಮೂಗುತಿಯ ಹಾಗೆ ರಿಪೇರಿ ಮಾಡುವ ಮನುಷ್ಯನೆಂದರೆ ನಾನು ಕಂಡಂತೆ ಅವರೊಬ್ಬರೇ. ಅಕ್ಕಸಾಲಿಗಳ ಮನೆತನ. ಸರಕಾರದ ಚಿನ್ನ ನಿಯಂತ್ರಣದ ಕಾಯಿದೆ ಬಂದು ಕುಲುಮೆ ತಣ್ಣಗಾದ ಮೇಲೆ, ಬೆಸುಗೆ ಬಲ್ಲ ಕೈ ಸುಮ್ಮನಿರಬಾರದೆಂದು ಈ ವಿದ್ಯೆ ಕಲಿತರಂತೆ. ಹಳೆಯ ಅಭ್ಯಾಸ ಮಾತ್ರ ಬಿಡಲಿಲ್ಲ. ಚಿನ್ನದ ಪುಡಿ ಹಾರೀತೆಂಬಂತೆ ಉಸಿರು ಬಿಗಿಹಿಡಿದೇ ಪೆಟ್ಟಿಗೆಯ ಬೆನ್ನು ಬಿಚ್ಚುತ್ತಿದ್ದರು. ಒಳಗಿನ ಧೂಳನ್ನು ಸಣ್ಣ ಕುಂಚದಿಂದ ಕಾಗದದ ಮೇಲೆ ಗುಡಿಸಿ, ಪೊಟ್ಟಣ ಕಟ್ಟಿ, ಮನೆಯವರ ಕೈಗೇ ಕೊಡುತ್ತಿದ್ದರು.

"ಇದ್ರಲ್ಲಿ ಎಂತ ಉಂಟು ಶೇಟ್ರೇ, ಹಲ್ಲಿ ಮೊಟ್ಟೆ ಬಿಟ್ರೆ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಹಲ್ಲಿ ಮೊಟ್ಟೆಯಾದ್ರೂ ನಿಮ್ಮನೇದಲ್ವಾ ಅಮ್ಮ? ಶೇಟ ಇಟ್ಕಂಡ ಅಂತ ಯಾರೂ ಹೇಳುದು ಬ್ಯಾಡ."

ಬೇಸಿಗೆ ಹಿಡಿದ ಮೇಲೆ ರೇಡಿಯೋ ಕೆಟ್ಟದ್ದು ಅದು ಮೂರನೆಯ ಸಲ. ಹಿಂದೆ ಎರಡು ಸಲ ಅವರು ಅದನ್ನು ಅಂಗಡಿಗೆ ಹೊತ್ತೊಯ್ದಿದ್ದರು. ಅಲ್ಲಿ ಹಚ್ಚಿದೊಡನೆ ಅದು ಹಾಡುತ್ತಿತ್ತು. ನಾಲ್ಕು ದಿನ ಬಿಟ್ಟು ತಂದರೆ ನಮ್ಮಲ್ಲೂ ಹಾಡುತ್ತಿತ್ತು. ಊರವರು ಹೊಗಳಿದರೆ ಶೇಟರು ಮುಖ ಸಣ್ಣದು ಮಾಡಿಕೊಂಡು, ತಾನು ಧೂಳು ಹೊಡೆದದ್ದಷ್ಟೇ ಎನ್ನುತ್ತಿದ್ದರು. ಕಾರಣ ಗೊತ್ತಿಲ್ಲದೆ ವಾಸಿಯಾದದ್ದು ಅವರನ್ನು ಕೊರೆಯುತ್ತಿತ್ತು.

ಕಾರಣವನ್ನು ಅತ್ತೆ ಆಗಲೇ ಕಂಡುಹಿಡಿದಿದ್ದರು. "ಇವ್ಳು ಹೊರಗೆ ಕೂತಾಗ್ಲೇ ಅದ್ರ ಬಾಯಿ ಕಟ್ತದೆ."

ಅತ್ತೆ ಕೆಟ್ಟವರಲ್ಲ, ಮಗನನ್ನು ಕಡಲಿಗೆ ಕಳಿಸಿದ ತಾಯಿ. ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೂಢಿ ನನ್ನದು. ನೋಡಿದರೆ ಮೂರು ತಿಂಗಳೂ ರೇಡಿಯೋ ಕೆಟ್ಟದ್ದು ಅದೇ ದಿನಗಳಲ್ಲಿ. ನನ್ನ ಮೈಲಿಗೆ ಗೋಡೆಯಾಚೆಯ ರೇಡಿಯೋಕ್ಕೆ ತಟ್ಟುವುದಾದರೆ ಕಡಲಿನ ಮಚವೆಗೆ ತಟ್ಟದೇ ಇದ್ದೀತೇ? ನೆರಳೂ ಜಗುಲಿಯತ್ತ ಬೀಳದಿರಲೆಂದು ಕೊಟ್ಟಿಗೆಯ ಮೂಲೆಗೆ ಸರಿದು ಕೂತೆ. ತೆಂಗಿನ ತಲೆಗಳು ಆಗಲೇ ಒಂದೇ ಕಡೆಗೆ ಬಾಗತೊಡಗಿದ್ದವು.

ಶೇಟರು ಈ ಸಲ ಪೆಟ್ಟಿಗೆ ಮುಟ್ಟಲಿಲ್ಲ. ಅತ್ತೆಯ ಮಾತನ್ನು ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ.

"ಆತು ಅಮ್ಮ. ತಂಗಿ ಹೊರಗಿದ್ರೆ ಮನೇಲಿ ಯಾವ್ಯಾವ ಕೆಲ್ಸ ಬದಲಾಗ್ತದೆ, ಅದು ಹೇಳಿ."

ಅತ್ತೆ ಎಣಿಸುತ್ತ ಹೋದರು: ರಂಗೋಲಿ ಇಲ್ಲ, ಮಜ್ಜಿಗೆ ಕಡೆಯುವುದು ತಡ, ತುಳಸಿಗೆ ನೀರು ಹಾಕುವುದು ತಾವೇ, ಮಂಡಿನೋವಿನಿಂದ ಕೊಡ ಎತ್ತಲಾಗದೆ ಒಂದು ಉದ್ಧರಣೆ ನೀರು ಬಿಟ್ಟು ಕೈಮುಗಿಯುವುದು. ನಾನಾದರೆ ದಿನವೂ ತುಂಬಿದ ಕೊಡ ಹೊಯ್ಯುತ್ತಿದ್ದೆ.

ಶೇಟರು ತಟ್ಟನೆ ಎದ್ದರು. ರೇಡಿಯೋದ ಹಿಂದಿನಿಂದ ಹೊರಟು ನೆಲ ಸೇರುವ ಅರ್ತಿನ ತಂತಿಯನ್ನು ಬೆರಳಲ್ಲಿ ಸವರುತ್ತ ಕಿಟಕಿ ದಾಟಿ, ಗೋಡೆಗುಂಟ ನಡೆದು, ತುಳಸಿಕಟ್ಟೆಯ ಮುಂದೆ ನಿಂತರು. ಯಾರೂ ತುಳಿಯದ ಜಾಗವೆಂದು ನಮ್ಮವರೇ ತಂತಿಯ ತುದಿಯನ್ನು ಅಲ್ಲಿ ಹೂತಿದ್ದರು. ಕೆದಕಿದರೆ ಮಣ್ಣು ವಿಭೂತಿಯ ಹಾಗೆ ಉದುರಿತು. ಬಾವಿಯಿಂದ ತಾವೇ ಎರಡು ಕೊಡ ಸೇದಿ ಹೊಯ್ದರು. ನೀರು ಇಂಗುತ್ತಿದ್ದಂತೆ ಜಗುಲಿಯಲ್ಲಿ ಗೊರಗೊರ, ಆಮೇಲೆ ಯಾರದೋ ಮರಾಠಿ ಮಾತು, ಆಮೇಲೆ ಧಾರವಾಡ ಕೇಂದ್ರ.

ಅವರು ಕೊಟ್ಟಿಗೆಯತ್ತ ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳಿದರು: "ತಂಗಿ, ನಿನ್ನಿಂದ ಎಂತದೂ ಆಗ್ಲಿಲ್ಲ. ತಂತಿಗೆ ಹಸಿಮಣ್ಣು ಬೇಕು, ಮಣ್ಣು ಒಣಗಿತ್ತು. ಅಷ್ಟೇ."

ಮಧ್ಯಾಹ್ನದ ವಾರ್ತೆ ತೂಫಾನು ರತ್ನಾಗಿರಿಯ ಎದುರಿಗಿದೆ ಎಂದಿತು. ನಮ್ಮವರು ಇರಬೇಕಾದದ್ದೂ ಅಲ್ಲೇ. ಭಯ ಹೋಗಲಿಲ್ಲ, ಹೆಣೆದ ಮಡಲನ್ನೇ ಬಿಚ್ಚಿ ಮತ್ತೆ ಹೆಣೆದೆ. ಆದರೆ ಅದೀಗ ಗಾಳಿಯ ಭಯ ಮಾತ್ರ. ನನ್ನ ಮೇಲಿನ ನನ್ನದೇ ಭಯವನ್ನು ಆ ಮನುಷ್ಯ ಎರಡು ಕೊಡ ನೀರಿನಲ್ಲಿ ತೊಳೆದಿದ್ದರು.

ರೇಡಿಯೋ ಆಮೇಲೆ ಕೆಡಲಿಲ್ಲ. ಹಾಗಾಗಿ ಶೇಟರಿಗೆ ನಮ್ಮ ಮನೆಗೆ ಬರಲು ಕಾರಣವೂ ಉಳಿಯಲಿಲ್ಲ. ಆಷಾಢದಲ್ಲಿ ಹೊಳೆ ತುಂಬಿ ದೋಣಿ ನಿಂತಾಗ ತೀರಿಕೊಂಡರು. ನಮಗೆ ತಿಳಿದದ್ದು ಹತ್ತು ದಿನ ಕಳೆದು.

ನಮ್ಮ ಪಾಲಿಗೆ ಅವರ ಕೊನೆಯ ಮಾತನ್ನು ತಂದವರು ನಮ್ಮವರೇ. ತೂಫಾನಿನ ಆ ವಾರ್ತೆ ಕೇಳಿದ ಐದನೆಯ ದಿನ, ಹಾಯಿ ಹರಿದ ಮಚವೆ ಹೊನ್ನಾವರದ ಬಂದರು ಸೇರಿದಾಗ ಶೇಟರು ಕೊಡೆ ಹಿಡಿದು ದಡದಲ್ಲಿ ನಿಂತಿದ್ದರಂತೆ. ದಿನವೂ ಬಂದು ನೋಡಿ ಹೋಗುತ್ತಿದ್ದರೆಂದು ಹಮಾಲರು ಹೇಳಿದರಂತೆ. ನಮ್ಮವರು ಮನೆಗೆ ಊಟಕ್ಕೆ ಕರೆದರೆ, "ಈಗ ಬ್ಯಾಡ, ನೀ ಮೊದ್ಲು ಹೋಗು. ಅಲ್ಲಿ ತಂಗಿ ನಿದ್ದೆ ಮಾಡ್ಲಿಲ್ಲ" ಎಂದು ದೋಣಿ ಹತ್ತಿಸಿ ಕಳಿಸಿದರಂತೆ.

ಆ ದಿನ ಅನ್ನ, ಸೌತೆಕಾಯಿ ಹುಳಿ, ಮಾವಿನಹಣ್ಣಿನ ಸಾಸಿವೆ ಮಾಡಿದ್ದೆ. ನಮ್ಮವರು ಮೂರು ಸಲ ಅನ್ನ ಹಾಕಿಸಿಕೊಂಡರು. ಅತ್ತೆ ಮಗನ ಬೆನ್ನು ಸವರುತ್ತ ಕೂತೇ ಇದ್ದರು. ಎಂಜಲು ಪಾತ್ರೆ ಹಾಗೇ ಬಿಟ್ಟು, ಬಾಗಿಲಿಗೆ ಒರಗಿದಲ್ಲೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನು.